ತಲೆ ಪೂರ್ವಕ್ಕೆ

ಫೆಬ್ರವರಿ 19, ಬುಧವಾರ

ನಮ್ಮ ಚರ್ಚಿನ ಸಭೆಯವರು ಕ್ರಿಸ್ಮಸ್ಸಿಗೆ ಕೊಟ್ಟ ಡೈರಿ ಇದು. ಪ್ರತಿ ಪುಟದ ನೆತ್ತಿಯಲ್ಲಿ ಬೈಬಲಿನದೊಂದು ವಾಕ್ಯ ಅಚ್ಚು ಹಾಕಿದ್ದಾರೆ. ಇಷ್ಟು ದಿನ ಇದರಲ್ಲಿ ಟ್ಯೂಷನ್ ಮಕ್ಕಳ ಹಾಜರಿ ಹಾಕುತ್ತಿದ್ದೆ. ಇವತ್ತು ಯಾರಿಗಾದರೂ ಬೈಯಬೇಕು ಅನ್ನಿಸುತ್ತಿದೆ. ಮನೆಯಲ್ಲಿ ಇರುವವರು ಅಪ್ಪ ಒಬ್ಬರೇ, ಅವರಿಗೆ ಈಗ ಬೈಯುವ ಹಾಗಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಅಪ್ಪನನ್ನು ಕಂಕನಾಡಿಯ ಆಸ್ಪತ್ರೆಯಿಂದ ಮನೆಗೆ ತಂದೆ. "ಹೃದಯ ತುಂಬಾ ದಣಿದಿದೆ, ಇನ್ನು ಮನೆಯಲ್ಲೇ ಆರಾಮವಾಗಿ ಇರಲಿ" ಎಂದರು ಡಾಕ್ಟರ್. ಎಂಬತ್ತೆರಡು ವರ್ಷದವರನ್ನು ಆರಾಮವಾಗಿ ಇರಲಿ ಎಂದು ಮನೆಗೆ ಕಳಿಸಿದರೆ ಅದರ ಅರ್ಥ ಏನೆಂದು ನನಗೆ ಗೊತ್ತು. ಅಪ್ಪನಿಗೂ ಗೊತ್ತು. ಪಕ್ಕದ ಮನೆಯ ಕಬೀರನ ರಿಕ್ಷಾದಲ್ಲಿ ಬರುತ್ತಿದ್ದೆವು. ಬಂಟ್ಸ್ ಹಾಸ್ಟೆಲಿನ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತಾಗ ಅಪ್ಪ ಬಾಯಿ ಬಿಟ್ಟರು.

"ಆಶಾ, ಒಂದು ಮಾತು. ನನ್ನನ್ನು ಸದಾನಂದನ ಗುಂಡಿಗೆ ಹಾಕ್ಲಿಕ್ಕಿಲ್ಲ."

ಕಬೀರ್ ಕನ್ನಡಿಯಲ್ಲಿ ನನ್ನ ಮುಖ ನೋಡಿದ. ನಾನು ಹೊರಗಿನ ಟ್ರಾಫಿಕ್ ನೋಡಿದೆ.

ಸದಾನಂದ ಎಂದರೆ ಅಪ್ಪನ ಅಣ್ಣ, ನನ್ನ ದೊಡ್ಡಪ್ಪ. ನಾಲ್ಕು ವರ್ಷದ ಹಿಂದೆ ತೀರಿಕೊಂಡರು. ಗುಂಡಿ ಎಂದರೆ ಸಭೆಯ ಸ್ಮಶಾನದಲ್ಲಿ ನಮ್ಮ ಕುಟುಂಬಕ್ಕಿರುವ ಸಮಾಧಿ. ಅಜ್ಜನ ಕಾಲದ್ದು. ಅಲ್ಲಿ ಒಬ್ಬರ ಮೇಲೊಬ್ಬರನ್ನು ಮಲಗಿಸುತ್ತಾ ಬರುವುದು ರೂಢಿ. ಸದ್ಯಕ್ಕೆ ಎಲ್ಲರಿಗಿಂತ ಮೇಲೆ ದೊಡ್ಡಪ್ಪ ಮಲಗಿದ್ದಾರೆ, ಅವರ ಮೇಲಿನ ಜಾಗ ಅಪ್ಪನದು. ಅಣ್ಣತಮ್ಮಂದಿರು ಕೊನೆಯ ಮೂವತ್ತು ವರ್ಷ ಒಂದು ಮಾತೂ ಆಡಿದವರಲ್ಲ.

"ಅಮ್ಮನ ಹತ್ರ ಮಲಗಿಸ್ಲಾ?" ಎಂದೆ. ಅಮ್ಮ ಉಡುಪಿಯಲ್ಲಿ, ತನ್ನ ತವರಿನವರ ಸಮಾಧಿಯಲ್ಲಿದ್ದಾಳೆ.

"ಅಲ್ಲಿ ಅವಳ ಅಣ್ಣಂದಿರು ಮೂರು ಜನ ಉಂಟು. ಅವರಿಗಿಂತ ಸದಾನಂದ ವಾಸಿ."

"ಸತ್ತ ಮೇಲೆ ಪಕ್ಕದಲ್ಲಿ ಯಾರಿದ್ರೆ ಎಂತಪ್ಪ?"

"ಸತ್ತ ಮೇಲೆ ಅಲ್ಲ, ಎದ್ದ ಮೇಲೆ. ನಿನಗೆ ನಂಬಿಕೆ ಇಲ್ಲ. ನಿನ್ನ ಹತ್ರ ಹೇಳಿ ಪ್ರಯೋಜನ ಇಲ್ಲ."

ನಿಜ, ನನಗೆ ನಂಬಿಕೆ ಇಲ್ಲ. ಭಾನುವಾರ ಚರ್ಚಿಗೆ ಹೋಗುವುದು ಹಾಡಿಗಾಗಿ, ಆಮೇಲೆ ನಾಲ್ಕು ಜನರ ಸುದ್ದಿಗಾಗಿ. ಕಹಳೆ ಊದುವುದು, ಸತ್ತವರು ಏಳುವುದು, ಕುರಿಗಳು ಬಲಗಡೆ, ಆಡುಗಳು ಎಡಗಡೆ, ಇದನ್ನೆಲ್ಲ ಕೇಳಿದರೆ ನನಗೆ ಆರ್‌ಟಿಒ ಆಫೀಸಿನ ಸಾಲು ನೆನಪಾಗುತ್ತದೆ. ಅಲ್ಲಿಯೂ ಯಾವುದೋ ಒಂದು ಕಾಗದ ಕಡಿಮೆ ಇದೆ ಎಂದು ನನ್ನನ್ನು ವಾಪಸು ಕಳಿಸುತ್ತಾರೆ, ಗ್ಯಾರಂಟಿ.

ಫೆಬ್ರವರಿ 21, ಶುಕ್ರವಾರ

ಚರ್ಚಿನ ಸಭಾಪಾಲಕರನ್ನು ನೋಡಿ ಬಂದೆ. ರಿತೇಶ್ ಅಯ್ಯನವರು ಹತ್ತನೆಯ ತರಗತಿಯಲ್ಲಿ ನನ್ನ ಹತ್ತಿರ ಕನ್ನಡ ಟ್ಯೂಷನ್ನಿಗೆ ಬರುತ್ತಿದ್ದ ಹುಡುಗ. ಅಲ್ಪಪ್ರಾಣ ಮಹಾಪ್ರಾಣ ತಿಳಿಯದೆ ನನ್ನ ಪ್ರಾಣ ತಿಂದವನು. ಈಗ ನಾನು ಅವನಿಗೆ ಅಯ್ಯನವರೇ ಎನ್ನಬೇಕು, ಅವನು ನನಗೆ ಟೀಚರ್ ಎನ್ನುತ್ತಾನೆ. ಇಬ್ಬರಿಗೂ ಮುಜುಗರ.

"ಟೀಚರ್, ಹೊಸ ಜಾಗ ಒಂದಿಂಚೂ ಇಲ್ಲ. ಎಲ್ಲರೂ ಅವರವರ ಕುಟುಂಬದ ಸಮಾಧಿಯಲ್ಲೇ. ಬೇಕಾದ್ರೆ ದಹನಕ್ಕೆ ಸಭೆ ಒಪ್ತದೆ ಈಗ."

ಮನೆಗೆ ಬಂದು ಹೇಳಿದೆ.

"ಸುಡುದಾ? ಸುಟ್ರೆ ಏಳ್ಲಿಕ್ಕೆ ಎಂತ ಉಳೀತದೆ?"

"ಮಣ್ಣಿನಿಂದ ಮನುಷ್ಯನನ್ನು ಮಾಡಿದವನಿಗೆ ಬೂದಿಯಿಂದ ಮಾಡ್ಲಿಕ್ಕೆ ಆಗುದಿಲ್ವಾ ಅಪ್ಪ?"

"ಆಗ್ತದೆ. ಆ ದಿನ ಅವನಿಗೆ ಎಷ್ಟು ಕೆಲಸ ಇರ್ತದೆ, ಅದರ ಮೇಲೆ ನಾವೂ ಯಾಕೆ ಕೆಲಸ ಕೊಡುದು?"

ಇಷ್ಟು ಹೇಳಿದ್ದಕ್ಕೇ ಉಸಿರು ಕಟ್ಟಿತು. ಬೆನ್ನು ಸವರಿದೆ. ಮೂಳೆ ಕೈಗೆ ಸಿಗುತ್ತದೆ.

ಫೆಬ್ರವರಿ 23, ಭಾನುವಾರ

ಇವತ್ತು ಚರ್ಚಿನಲ್ಲಿ ಅಯ್ಯನವರ ಪ್ರಸಂಗ ಕುರಿ ಮತ್ತು ಆಡುಗಳದ್ದೇ. ನನ್ನನ್ನು ನೋಡಿಯೇ ಆರಿಸಿದ ಹಾಗಿತ್ತು. ಹಸಿದವರಿಗೆ ಊಟ ಕೊಟ್ಟವರು, ರೋಗಿಯನ್ನು ನೋಡಲು ಹೋದವರು ಬಲಗಡೆ. ಕೊಡದವರು, ಹೋಗದವರು ಎಡಗಡೆ. ಆಡಿನ ತಪ್ಪೇನು ಎಂದು ನನಗೆ ಚಿಕ್ಕಂದಿನಿಂದಲೂ ಅರ್ಥವಾಗಿಲ್ಲ. ನಮ್ಮ ಸಭೆಯ ಊಟಕ್ಕೆ ಬಡಿಸುವುದಂತೂ ಆಡನ್ನೇ.

ಆರ್ಗನ್ ನುಡಿಸಿದವಳು ಆ ಮನೆಯವಳು, ದೊಡ್ಡಪ್ಪನ ಮಗಳು. ಆರ್ಗನಿನ ಮುಂದೆ ಕೂತರೆ ಅವಳ ಬೆನ್ನು ನಮ್ಮ ಕಡೆಗೆ. ಆರಾಧನೆ ಮುಗಿದು ಅವಳು ಇಳಿಯುವಷ್ಟರಲ್ಲಿ ನಾನು ಗೇಟಿನ ಹೊರಗೆ ಇರುತ್ತೇನೆ. ನೀಲಿ ಸೀರೆ ಉಟ್ಟಿದ್ದಳು, ರವಕೆಯ ಹುಕ್ಕಿಗೆ ಸೇಫ್ಟಿ ಪಿನ್ ಹಾಕಿದ್ದಳು. ನಮ್ಮಿಬ್ಬರಿಗೆ ಜಗಳ ಆದದ್ದಿಲ್ಲ. ಅಪ್ಪಂದಿರು ಮಾತು ಬಿಟ್ಟರು, ನಾವೂ ಬಿಟ್ಟೆವು.

ಜಗಳದ ಮೂಲವೂ ಆ ಆರ್ಗನೇ. ನಮ್ಮವರಿಗೆ ನಾಲ್ಕು ದನಿಯಲ್ಲಿ ಹಾಡುವುದೆಂದರೆ ಪ್ರಾಣ. ದೊಡ್ಡಪ್ಪ ಆರ್ಗನ್ ನುಡಿಸಿಕೊಂಡೇ ಗಾಯನ ಮಂಡಳಿಯನ್ನು ನಡೆಸುತ್ತಿದ್ದರು. ಅಪ್ಪನದು ಬೇಸ್, ಅತ್ಯಂತ ಕೆಳಗಿನ ದನಿ. ಒಂದು ಶುಭ ಶುಕ್ರವಾರ, ತುಂಬಿದ ಚರ್ಚಿನಲ್ಲಿ, ದೊಡ್ಡಪ್ಪ ನಡುವೆ ಕೈ ನಿಲ್ಲಿಸಿ, ಇಡೀ ಸಭೆಗೆ ಕೇಳುವ ಹಾಗೆ ಹೇಳಿದರಂತೆ: "ತಾರಾನಾಥ, ಒಂದು ಬೀಟು ಮುಂಚೆ ಬಂದೆ. ಬಾಯಿ ಮುಚ್ಚು."

"ಬಂದದ್ದು ಸರಿಯಾಗಿಯೇ. ಆರ್ಗನ್ ತಡ ಆದದ್ದು" ಎಂದು ಅಪ್ಪ ಇವತ್ತಿಗೂ ಹೇಳುತ್ತಾರೆ. ಆಮೇಲೆ ತಪ್ಪದೆ ಸೇರಿಸುತ್ತಾರೆ: "ಹೇಳುವಾಗ ತಿರುಗಿ ಕೂಡ ನೋಡ್ಲಿಲ್ಲ. ಬೆನ್ನು ಹಾಕಿಯೇ ಹೇಳಿದ."

ಇಷ್ಟಕ್ಕೆ ಮೂವತ್ತು ವರ್ಷ. ಅದೇ ಮಂಡಳಿಯಲ್ಲಿ, ಪ್ರತಿ ಭಾನುವಾರ, ಇಬ್ಬರೂ ಹಾಡಿದ್ದಾರೆ. ಮಾತು ಮಾತ್ರ ಇಲ್ಲ.

"ಯೋಚನೆ ಮಾಡು," ಎಂದರು ಸಂಜೆ. "ಕಹಳೆ ಊದ್ತದೆ. ಮೇಲಿದ್ದವನು ನಾನು, ನಾನೇ ಮೊದ್ಲು ಏಳ್ಬೇಕು. ಆಗ ಹಿಂದಿನಿಂದ ಅವನ ಸ್ವರ ಕೇಳ್ತದೆ: ತಾರಾನಾಥ, ಇವತ್ತೂ ಒಂದು ಬೀಟು ಮುಂಚೆ ಎದ್ದೆ."

ನಾನು ನಗಬಾರದಿತ್ತು. ನಕ್ಕುಬಿಟ್ಟೆ.

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಅಪ್ಪನಿಗೆ ಮೈ ಒರೆಸಿ, ಇಂಜೆಕ್ಷನ್ ಕೊಡಲು ಫಿಯೋನಾ ಬರಲು ಶುರುಮಾಡಿದ್ದಾಳೆ. ನರ್ಸು, ಕ್ಯಾಥೊಲಿಕ್, ಬಾಯಿ ಜೋರು. ಬಂದ ಎರಡನೆಯ ದಿನಕ್ಕೇ ಸಮಾಧಿಯ ಕತೆ ಅವಳಿಗೆ ಪೂರ್ತಿ ಗೊತ್ತು.

"ನೀವು ಪ್ರೊಟೆಸ್ಟೆಂಟಿನವರದ್ದು ಕಷ್ಟ ಮಾಸ್ಟ್ರೇ. ನಮಗೆ ಪರ್ಗೆಟರಿ ಉಂಟು. ಸಣ್ಣಪುಟ್ಟ ಪಾಪ ಇದ್ದವರು ಅಲ್ಲಿ ಸ್ವಲ್ಪ ಸಮಯ ಬೆಂದು, ಶುದ್ಧ ಆಗಿ ಮೇಲೆ ಹೋಗುದು. ವೇಟಿಂಗ್ ಲಿಸ್ಟ್ ಹಾಗೆ. ನಿಮ್ಮದು ಕನ್ಫರ್ಮ್, ಇಲ್ಲಾಂದ್ರೆ ಕ್ಯಾನ್ಸಲ್."

"ಸದಾನಂದ ವೇಟಿಂಗ್ ಲಿಸ್ಟಿನಲ್ಲಿ ಇದ್ದಿದ್ರೆ ಒಳ್ಳೆದಿತ್ತು," ಎಂದರು ಅಪ್ಪ, "ನಾನು ಹೋಗಿ ಪಕ್ಕದಲ್ಲಿ ಕೂತ್ಕೊಳ್ತಿದ್ದೆ."

ಕೂತು ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. ಗೋಡೆಯ ಕಡೆ ಹೊರಳಿದರು. ನಿದ್ದೆ ಬಂದಿತ್ತೋ ನಟನೆಯೋ ತಿಳಿಯದು.

ಮಾರ್ಚ್ 6, ಗುರುವಾರ

ಅಯ್ಯನವರು ಅಪ್ಪನಿಗೆ ಪ್ರಭುಭೋಜನ ಕೊಡಲು ಮನೆಗೆ ಬಂದಿದ್ದರು. ರೊಟ್ಟಿ, ದ್ರಾಕ್ಷಾರಸ ಆಯಿತು, ಪ್ರಾರ್ಥನೆ ಆಯಿತು. ಆಮೆನ್ ಇನ್ನೂ ಗಾಳಿಯಲ್ಲಿ ಇರುವಾಗಲೇ ಅಪ್ಪ ಬೆರಳೆತ್ತಿ ಗಾಳಿಯಲ್ಲೊಂದು ಆಯತ ಬರೆದರು. ಮಿಷನ್ ಶಾಲೆಯಲ್ಲಿ ಮರಗೆಲಸ ಕಲಿಯುವ ಮಕ್ಕಳಿಗೆ ಡ್ರಾಯಿಂಗ್ ಕಲಿಸುತ್ತಿದ್ದವರು ಅವರು. ಈಗಲೂ ಏನು ಹೇಳುವುದಿದ್ದರೂ ಮೇಲಿನಿಂದ ಕಂಡದ್ದು, ಬದಿಯಿಂದ ಕಂಡದ್ದು ಎಂದು ಬರೆದೇ ಹೇಳುವುದು.

"ನೋಡಿ ಅಯ್ಯನವರೇ. ಎಲ್ಲರನ್ನೂ ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ ಮಲಗಿಸ್ತೀರಿ. ಎದ್ದು ಕೂತಾಗ ಮುಖ ಪೂರ್ವಕ್ಕೆ. ಕರ್ತನು ಪೂರ್ವದಿಂದ ಬರ್ತಾನೆ ಅಂತ. ಸರಿಯಾ?"

"ಸರಿ ಮಾಸ್ಟ್ರೇ."

"ನಾನು ಸದಾನಂದನ ಗುಂಡಿಗೇ ಹೋಗ್ತೇನೆ. ಆದ್ರೆ ನನ್ನನ್ನು ತಿರುಗಿಸಿ ಮಲಗಿಸಿ. ತಲೆ ಪೂರ್ವಕ್ಕೆ."

"ಹಾಗೆ ಮಾಡಿದ್ರೆ ಏಳುವಾಗ ಕರ್ತನಿಗೆ ಬೆನ್ನು ಹಾಕಿದ ಹಾಗೆ ಆಗ್ತದಲ್ಲ?"

"ಕರ್ತನಿಗೆ ನನ್ನ ಗುರುತು ಉಂಟು. ಹೆಗಲು ತಟ್ಟಿ ಕರೀತಾನೆ. ಹಿಂದೆ ಕೆಲವು ಕಡೆ ಪಾದ್ರಿಗಳನ್ನು ಹಾಗೇ ಮಲಗಿಸ್ತಿದ್ರಂತೆ, ಏಳುವಾಗ ಸಭೆಯ ಕಡೆ ಮುಖ ಇರ್ಲಿ ಅಂತ. ಅವರಿಗೆ ಆಗ್ತದೆ, ನನಗೆ ಯಾಕೆ ಆಗ್ಬಾರ್ದು?"

ಅಯ್ಯನವರು ನನ್ನನ್ನು ನೋಡಿದರು, ಪ್ರಶ್ನೆ ಪತ್ರಿಕೆಯಲ್ಲಿ ಪಾಠದಲ್ಲಿಲ್ಲದ ಪ್ರಶ್ನೆ ಬಂದಾಗ ನೋಡುತ್ತಿದ್ದ ಹಾಗೆಯೇ. ಕಮಿಟಿಯಲ್ಲಿ ಕೇಳುತ್ತೇನೆ ಎಂದು ಎದ್ದರು.

ಅವರು ಹೋದ ಮೇಲೆ ಕೇಳಿದೆ, "ಅಂದ್ರೆ ದೊಡ್ಡಪ್ಪನಿಗೆ ಬೆನ್ನು ಹಾಕಿ ಏಳುದು. ಅಲ್ವಾ?"

"ತಿರುಗಿಸಿ ಅಂದೆ. ಅಷ್ಟೆ."

ಸಾಯುವವರ ಹಠಕ್ಕೂ ಒಂದು ಮಿತಿ ಬೇಡವೇ. ಕೊನೆಯ ತೀರ್ಪಿನ ದಿನ ಇಡೀ ಲೋಕ ಒಂದು ಕಡೆ ನೋಡುವಾಗ ಈ ಮನುಷ್ಯ ಮಾತ್ರ ಅಣ್ಣನ ಮೇಲಿನ ಸಿಟ್ಟಿಗೆ ಅರಬ್ಬಿ ಸಮುದ್ರ ನೋಡುತ್ತಾ ಕೂರುತ್ತಾರೆ.

ಮಾರ್ಚ್ 9, ಭಾನುವಾರ

ಚರ್ಚಿಗೆ ಹೋಗಲಿಲ್ಲ. ಅಪ್ಪ ಗಂಜಿ ಬೇಡ ಎಂದರು. ಸುಸ್ತು.

ಮಾರ್ಚ್ 15, ಶನಿವಾರ

ಕಮಿಟಿ ಒಪ್ಪಿದೆ. ಬಹಳ ಚರ್ಚೆ ಆಯಿತಂತೆ. ಹಾಗೆ ಮಲಗಿಸಿದರೆ ರಕ್ಷಣೆಗೆ ತೊಂದರೆ ಉಂಟೇ ಎಂದು ಒಬ್ಬರು ಕೇಳಿದರಂತೆ. ಇಡೀ ಬೈಬಲಿನಲ್ಲಿ ದಿಕ್ಸೂಚಿಯ ಮಾತಿಲ್ಲ ಎಂದು ಅಯ್ಯನವರು ಹೇಳಿದರಂತೆ. ಹುಡುಗ ಪರವಾಗಿಲ್ಲ.

ಒಂದು ಷರತ್ತು. ಸಮಾಧಿಯ ಹಕ್ಕು ಎರಡೂ ಮನೆಗೆ ಸೇರಿದ್ದು. ತೆರೆಯಬೇಕಾದರೂ, ತಿರುಗಿಸಬೇಕಾದರೂ ದೊಡ್ಡಪ್ಪನ ಮಗಳು ಒಪ್ಪಬೇಕು. ಅಂದರೆ ನಾನು ಹೋಗಿ ಕೇಳಬೇಕು. ನಿಮ್ಮಪ್ಪನಿಗೆ ಬೆನ್ನು ಹಾಕಿ ಮಲಗಲು ನಮ್ಮಪ್ಪನಿಗೆ ಅನುಮತಿ ಕೊಡು ಎಂದು ಯಾವ ಬಾಯಿಯಲ್ಲಿ ಕೇಳುವುದು?

ಕಬೀರನ ಹತ್ತಿರ ಗೊಣಗಿದೆ. ಅವನು ಹೇಳಿದ, "ನಮ್ಮಲ್ಲಿ ಮೂರು ದಿನಕ್ಕಿಂತ ಹೆಚ್ಚು ಮಾತು ಬಿಡುವ ಹಾಗಿಲ್ಲ ಟೀಚರ್."

ಅಪ್ಪ ಒಳಗಿನಿಂದ ಕೂಗಿದರು, "ಮೂರು ದಿನ ನಮಗೆ ಸಿಟ್ಟು ಬಿಸಿ ಆಗ್ಲಿಕ್ಕೇ ಬೇಕು ಮಾರಾಯ!"

ಕೂಗುವಷ್ಟು ಶಕ್ತಿ ಇದೆಯಲ್ಲ ಎಂದು ಖುಷಿಯಾಯಿತು. ಆಮೇಲೆ ಅರ್ಧ ಗಂಟೆ ಕೆಮ್ಮಿದರು.

ಮಾರ್ಚ್ 18, ಮಂಗಳವಾರ

ಜೆಪ್ಪುವಿಗೆ ಹೋದೆ. ದೊಡ್ಡಪ್ಪನ ಮಗಳು ಒಬ್ಬಳೇ ಇರುವುದು. ಶಾಲೆಯಲ್ಲಿ ಸಂಗೀತದ ಟೀಚರ್. ಬಾಗಿಲು ತೆರೆದು ನನ್ನನ್ನು ನೋಡಿ ಅವಳು ಕೇಳಿದ ಮೊದಲ ಮಾತು, "ಚಿಕ್ಕಪ್ಪ ಹೋದ್ರಾ?"

"ಇಲ್ಲ. ಹೋಗ್ಲಿಕ್ಕೆ ನಿನ್ನ ಪರ್ಮಿಷನ್ ಬೇಕಂತೆ."

ಅವಳು ಒಳಗೆ ಕರೆದಳು. ಚಹಾ ಮಾಡಿದಳು. ಸಕ್ಕರೆ ಕೇಳಲಿಲ್ಲ, ಚಿಕ್ಕಂದಿನಲ್ಲಿ ನಾನು ಕುಡಿಯುತ್ತಿದ್ದ ಹಾಗೆ ಎರಡು ಚಮಚ ಹಾಕಿದಳು. ನನಗೀಗ ಶುಗರ್ ಇದೆ. ಕುಡಿದೆ.

ವಿಷಯ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಬೇರೆಯೇ ಏನೋ ಹೇಳಿದಳು.

"ಅಪ್ಪನ ಮಣ್ಣಿನ ದಿನ ಕೊರೋನಾ ಅಲ್ವಾ, ಹತ್ತು ಜನ ಮಾತ್ರ. ನಾವು ಹಾಡಿದೆವು. ಮೇಲಿನ ದನಿಗಳು ಇದ್ವು, ಬೇಸ್ ದನಿಗೆ ಯಾರೂ ಇರ್ಲಿಲ್ಲ. ಎರಡನೇ ಚರಣಕ್ಕೆ ಬೇಸ್ ಬಂತು ಆಶಾ. ಕಂಪೌಂಡಿನ ಹೊರಗಿನಿಂದ. ನಾನು ತಿರುಗಿ ನೋಡ್ಲಿಲ್ಲ. ನೋಡಿದ್ರೆ ನಿಲ್ಲಿಸಿ ಹೋಗ್ತಾರೆ ಅಂತ ಗೊತ್ತಿತ್ತು."

ನನಗೆ ಗೊತ್ತೇ ಇರಲಿಲ್ಲ. ಆ ದಿನ ಅಪ್ಪ ಕಬೀರನ ಜೊತೆ ಮಾತ್ರೆ ತರಲು ಹೋಗುತ್ತೇನೆ ಎಂದು ಹೊರಟಿದ್ದರು. ನಾನು ಮನೆಯಲ್ಲಿ ಕೂತು, ಹತ್ತು ಜನರ ನಿಯಮ ಇದೆಯಲ್ಲ, ಹೋಗದಿದ್ದರೂ ಯಾರೂ ಕೇಳುವುದಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ.

"ತಿರುಗಿಸಿ ಮಲಗಿಸಿ," ಎಂದಳು ಅವಳು. "ನಮ್ಮಪ್ಪನಿಗೂ ಬುದ್ಧಿ ಬರ್ಲಿ. ಆದ್ರೆ ನಾನು ಚಿಕ್ಕಪ್ಪನನ್ನು ನೋಡ್ಬೇಕು."

ಬರುವಾಗ ರಿಕ್ಷಾದಲ್ಲಿ ಕಬೀರನಿಗೆ ಚೆನ್ನಾಗಿ ಬೈದೆ. ನಾಲ್ಕು ವರ್ಷದಿಂದ ಯಾಕೆ ಹೇಳಲಿಲ್ಲ ಎಂದೆ. "ಮಾಸ್ಟ್ರು ಆಣೆ ಹಾಕಿಸಿದ್ರು" ಎಂದ.

ಮಾರ್ಚ್ 27, ಗುರುವಾರ

ಅಪ್ಪನಿಗೆ ಈಗ ಮಾತು ತುಂಡುತುಂಡು. ಕಾಲು ಊದಿದೆ. ನನಗೆ ಹೆದರಿಕೆಯಾಗುತ್ತಿದೆ. ಇವರು ಹೋದರೆ ಈ ಮನೆಯಲ್ಲಿ ನಾನು ಯಾರ ಜೊತೆ ವಾದ ಮಾಡಲಿ?

ಸಂಜೆ ದೊಡ್ಡಪ್ಪನ ಮಗಳು ಸಂಚಿತಾ ಬಂದಳು. ಮಂಚದ ಬದಿಯಲ್ಲಿ ಕೂತಳು. ಅಪ್ಪ ಬಹಳ ಹೊತ್ತು ನೋಡಿ ಕೇಳಿದರು, "ಆರ್ಗನಿನ ಪೆಡಲ್ ರಿಪೇರಿ ಆಯ್ತಾ?"

"ಆಯ್ತು ಚಿಕ್ಕಪ್ಪ."

"ಈಗ್ಲೂ ತಡ ಆಗ್ತದೆ. ಹೋದ ಈಸ್ಟರಿಗೆ ಕೇಳಿದೆ."

"ಅಪ್ಪ ಸಾಯುವವರೆಗೂ ಹೇಳ್ತಿದ್ರು, ನೀವೇ ಮುಂಚೆ ಬಂದದ್ದು ಅಂತ."

ಇವಳನ್ನು ಯಾಕಾದರೂ ಕರೆದೆನೋ ಎನಿಸಿತು. ಆದರೆ ಅಪ್ಪನ ಮುಖ ಅರಳಿತ್ತು.

"ಸಾಯುವವರೆಗೂ? ನನ್ನ ವಿಷಯ ಹೇಳ್ತಿದ್ದನಾ?"

"ಪ್ರತಿ ಭಾನುವಾರ ಊಟಕ್ಕೆ ಕೂತಾಗ. ಬೈದ ಮೇಲೆಯೇ ಅನ್ನ ಇಳೀತಿದ್ದದ್ದು."

ಅಪ್ಪ ಕಣ್ಣು ಮುಚ್ಚಿ ನಕ್ಕರು. ಈ ತಿಂಗಳಿನಲ್ಲಿ ಅವರಿಗೆ ಯಾರೂ ಇಷ್ಟು ಒಳ್ಳೆಯ ಸುದ್ದಿ ತಂದಿರಲಿಲ್ಲ. ರೋಗಿಯನ್ನು ನೋಡಲು ಬಂದವರೆಲ್ಲ ಬಲಗಡೆ ಎಂಬುದು ನಿಜವಾದರೆ ಸಂಚಿತಾ ಕುರಿಗಳ ಗುಂಪಿಗೆ ಸೇರಿದಳು. ಬೈಗುಳ ಹೊತ್ತು ತಂದ ಕುರಿ.

ಏಪ್ರಿಲ್ 3, ಗುರುವಾರ

ಏನೋ ಎಡವಟ್ಟಾಗಿದೆ. ಕೂತು ಸರಿಯಾಗಿ ಬರೆದರೆ ನನಗೂ ಅರ್ಥವಾದೀತು.

ಕಿಟಕಿಯ ಗಾಳಿ ಮುಖಕ್ಕೆ ಬರಲಿ ಎಂದು ಫಿಯೋನಾ ಇವತ್ತು ಅಪ್ಪನನ್ನು ಮಂಚದಲ್ಲಿ ತಿರುಗಿಸಿ ಮಲಗಿಸಿದಳು. ಕಾಲಿದ್ದ ಕಡೆ ತಲೆ, ತಲೆಯಿದ್ದ ಕಡೆ ಕಾಲು. ನಾನು ಗಂಜಿ ತಂದು ಅಭ್ಯಾಸದಂತೆ ಹಳೆಯ ತಲೆದಿಂಬಿನ ತುದಿಯಲ್ಲೇ ಮಂಚದ ಮೇಲೆ ಕೂತೆ. ದಿನಾಲೂ ಅಲ್ಲಿ ಕೂತರೆ ಅಪ್ಪನ ಬೆನ್ನು ನನ್ನ ಎದೆಗೆ ಒರಗಿರುತ್ತದೆ. ಫಿಯೋನಾ ಅವರನ್ನು ಎತ್ತಿ ಕೂರಿಸಿದಳು. ಅಪ್ಪನ ಮುಖ ನೇರ ನನ್ನ ಮುಖಕ್ಕೆ ಎದುರಾಯಿತು.

ಗಂಜಿಯ ಬಟ್ಟಲು ಕೈಯಲ್ಲೇ ಉಳಿಯಿತು.

ದೊಡ್ಡಪ್ಪನ ತಲೆ ಪಶ್ಚಿಮದ ತುದಿಯಲ್ಲಿದೆ. ಎದ್ದು ಕೂತರೆ ಪೂರ್ವಕ್ಕೆ ಮುಖ. ಅಪ್ಪನ ತಲೆ ಪೂರ್ವದ ತುದಿಯಲ್ಲಿರುತ್ತದೆ. ಎದ್ದು ಕೂತರೆ ಪಶ್ಚಿಮಕ್ಕೆ ಮುಖ. ಅಂದರೆ ಬೆನ್ನಿಗೆ ಬೆನ್ನಲ್ಲ, ಮುಖಕ್ಕೆ ಮುಖ! ರೈಲಿನ ಎದುರುಬದುರು ಸೀಟಿನ ಹಾಗೆ. ಸುಮ್ಮನೆ ಎಲ್ಲರಂತೆ ಮಲಗಿಸಿದ್ದರೆ ಅಪ್ಪನಿಗೆ ಅಣ್ಣನ ಮೋರೆ ಕಾಣುತ್ತಲೇ ಇರಲಿಲ್ಲ. ಇಡೀ ಕಮಿಟಿ ಕೂತು ಚರ್ಚೆ ಮಾಡಿದೆ, ದೇವಶಾಸ್ತ್ರ ಓದಿದ ಅಯ್ಯನವರಿದ್ದಾರೆ, ಒಬ್ಬರಿಗೂ ಇದು ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಸಂಚಿತಾಳಿಗೆ ಫೋನ್ ಮಾಡಿದೆ. ಅವಳು ಮೊದಲು ನಕ್ಕಳು, ಆಮೇಲೆ ಗಂಭೀರವಾಗಿ, "ಹೇಳ್ಬೇಡ" ಎಂದಳು. "ಹೇಳಿದ್ರೆ ಪುನಃ ಶುರು ಆಗ್ತದೆ."

ಆದರೆ ಸಾಯುವ ಮನುಷ್ಯನಿಗೆ ಮೋಸ ಮಾಡುವುದು ಹೇಗೆ? ಅವರ ಕೊನೆಯ ಆಸೆ ಇದೊಂದೇ. ತಪ್ಪಿದರೆ ತಿದ್ದಲು ಆಮೇಲೆ ಅವಕಾಶವೂ ಇಲ್ಲ. ಧೈರ್ಯ ಮಾಡಿ ಕಿವಿಯ ಹತ್ತಿರ ಬಾಗಿದೆ.

"ಅಪ್ಪ, ಆ ದಿಕ್ಕಿನ ವಿಷಯ..."

"ತಲೆ ಪೂರ್ವಕ್ಕೆ. ಯಾರು ಎಂತ ಹೇಳಿದ್ರೂ ಬದ್ಲಾಯಿಸ್ಬೇಡ."

"ಒಂದು ವೇಳೆ ನಿಮ್ಮ ಲೆಕ್ಕ ತಪ್ಪಿದ್ರೆ?"

"ನಾನು ಡ್ರಾಯಿಂಗ್ ಮಾಸ್ಟ್ರು" ಎಂದು ಕಣ್ಣು ಮುಚ್ಚಿದರು.

ಈ ಮನೆತನದವರಿಗೆ ತಮ್ಮ ತಪ್ಪು ಒಪ್ಪಿಕೊಂಡು ಗೊತ್ತಿಲ್ಲ.

ಏಪ್ರಿಲ್ 10, ಗುರುವಾರ

ಬೆಳಿಗ್ಗೆ ಹೋದರು. ಫಿಯೋನಾ ಬರುವ ಮೊದಲೇ. ನಾನು ಕೈ ಹಿಡಿದುಕೊಂಡಿದ್ದೆ. ಏನೂ ಹೇಳಲಿಲ್ಲ, ನನ್ನ ಕೈಯ ಮೇಲೆ ಒಂದು ಬೆರಳಿನಿಂದ ತಾಳ ಹಾಕುತ್ತಿದ್ದರು. ಆಮೇಲೆ ನಿಂತಿತು. ಮುಂದಿನದು ಬರುತ್ತದೆ ಎಂದು ನಾನು ಕಾಯುತ್ತಾ ಕೂತಿದ್ದೆ.

ಏಪ್ರಿಲ್ 12, ಶನಿವಾರ

ಮಣ್ಣಾಯಿತು. ಸುಲಭವಾಗಿ ಆಗಲಿಲ್ಲ.

ಪೆಟ್ಟಿಗೆ ಹೊತ್ತವರು ಸಮಾಧಿಯ ಹತ್ತಿರ ಬಂದು, ಎಲ್ಲ ಸಾವಿಗೆ ಮಾಡುವ ಹಾಗೆ ತಲೆಯನ್ನು ಪಶ್ಚಿಮಕ್ಕೆ ಮಾಡಿ ಹಗ್ಗ ಹಾಕಲು ಶುರು ಮಾಡಿದರು. ಅಯ್ಯನವರು ಪುಸ್ತಕದಲ್ಲಿ ಮುಳುಗಿದ್ದರು. ಎರಡು ದಿನದಿಂದ ಅತ್ತು ಅತ್ತು ನನ್ನ ತಲೆ ಖಾಲಿಯಾಗಿತ್ತು. ಒಂದು ಕ್ಷಣ ಸುಮ್ಮನಿದ್ದುಬಿಡುವ ಎಂದುಕೊಂಡೆ. ಹೀಗೇ ಇಳಿಸಿದರೆ ಅಣ್ಣನ ಮುಖ ಕಾಣುವುದಿಲ್ಲ, ಅಪ್ಪನಿಗೆ ಬೇಕಾದದ್ದೂ ಅದೇ ಅಲ್ಲವೇ? ಆದರೆ ಅವರ ಬಾಯಿಯಿಂದ ಬಂದದ್ದು ತಲೆ ಪೂರ್ವಕ್ಕೆ ಎಂದು. ಬದಲಾಯಿಸಬೇಡ ಎಂದು.

"ತಿರುಗಿಸಿ!" ಎಂದು ಕಿರುಚಿದೆ.

ಎಲ್ಲರೂ ನನ್ನನ್ನು ನೋಡಿದರು. ದುಃಖದಲ್ಲಿ ತಲೆ ಕೆಟ್ಟಿದೆ ಎಂದು ಯಾರೋ ನನ್ನ ತೋಳು ಹಿಡಿದರು. ಸಂಚಿತಾ ಮುಂದೆ ಬಂದು, "ಹೌದು, ತಿರುಗಿಸಿ. ಎರಡೂ ಮನೆಯ ಒಪ್ಪಿಗೆ ಉಂಟು" ಎಂದಳು. ಅಯ್ಯನವರು ಗಾಬರಿಯಿಂದ ಪುಸ್ತಕ ಮುಚ್ಚಿ ತಲೆ ಅಲ್ಲಾಡಿಸಿದರು.

ಅಲ್ಲಿ ಶಿಲುಬೆಗಳ ನಡುವೆ ಒಂದು ಪೆಟ್ಟಿಗೆ ತಿರುಗುವಷ್ಟು ಜಾಗ ಇಲ್ಲ. ಹಿಂದೆ ಹೋಗಿ, ಬೇರೆಯವರ ಅಜ್ಜಿಯ ಕಲ್ಲನ್ನು ದಾಟಿ, ಸುತ್ತು ಹಾಕಿ ತಂದರು. ಕಬೀರ್ ಗೇಟಿನ ಹತ್ತಿರ ನಿಂತವನು ಓಡಿ ಬಂದು, ರಿಕ್ಷಾ ರಿವರ್ಸ್ ತೆಗೆಸುವ ಹಾಗೆ ಕೈಯಾಡಿಸುತ್ತಾ, "ಬರ್ಲಿ, ಬರ್ಲಿ, ಸ್ವಲ್ಪ ಎಡಕ್ಕೆ" ಎಂದ. ನನಗೆ ಅಳುವ ನಡುವೆ ನಗು ಬಂತು. ಅಪ್ಪ ನೋಡಿದ್ದರೆ ಎಷ್ಟು ಖುಷಿಪಡುತ್ತಿದ್ದರು.

ಹಾಡಿನಲ್ಲಿ ಬೇಸ್ ದನಿಗೆ ಯಾರೂ ಇರಲಿಲ್ಲ. ಎರಡನೆಯ ಚರಣಕ್ಕೆ ಸಂಚಿತಾ ತನ್ನ ದನಿ ಬಿಟ್ಟು, ಎಷ್ಟು ಕೆಳಗೆ ಇಳಿಯಲು ಸಾಧ್ಯವೋ ಅಷ್ಟು ಇಳಿದು ಬೇಸ್ ಹಿಡಿದಳು. ಒಂದು ಬೀಟು ಮುಂಚೆ ಬಂದಳು. ಬೇಕೆಂದೇ.

ಏಪ್ರಿಲ್ 20, ಈಸ್ಟರ್ ಭಾನುವಾರ

ನಮ್ಮ ಸಭೆಯಲ್ಲಿ ಈಸ್ಟರಿನ ಮೊದಲ ಆರಾಧನೆ ಬೆಳಕು ಹರಿಯುವಾಗ ಸ್ಮಶಾನದಲ್ಲೇ. ಸತ್ತವರ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿ, ಸತ್ತು ಎದ್ದವನ ಹಾಡು ಹಾಡುವುದು. ಪ್ರತಿ ವರ್ಷ ನನಗೆ ಸೊಳ್ಳೆಯದ್ದೇ ಚಿಂತೆ. ಈ ಸಲ ಸೊಳ್ಳೆ ಇತ್ತೋ ಇಲ್ಲವೋ ನೆನಪಿಲ್ಲ.

ಎಲ್ಲ ಮುಗಿದು ಜನ ಚಹಾಕ್ಕೆ ಹೋದ ಮೇಲೆ ನಾವಿಬ್ಬರೂ ಸಮಾಧಿಯ ಹತ್ತಿರ ಉಳಿದೆವು. ಅಪ್ಪನ ಮಣ್ಣು ಇನ್ನೂ ಹಸಿಯಾಗಿದೆ.

"ಕೂತು ನೋಡುವನಾ?" ಎಂದಳು ಸಂಚಿತಾ.

ಅವಳು ಪಶ್ಚಿಮದ ತುದಿಯ ಕಲ್ಲಿನ ಮೇಲೆ, ಅವಳಪ್ಪನ ತಲೆಯ ಕಡೆ ಕೂತಳು. ನಾನು ಪೂರ್ವದ ತುದಿಯಲ್ಲಿ, ನಮ್ಮಪ್ಪನ ತಲೆಯ ಕಡೆ ಕೂತೆ. ಅಷ್ಟರಲ್ಲಿ ನನ್ನ ಬೆನ್ನ ಹಿಂದಿನಿಂದ ಸೂರ್ಯ ಮೇಲೆ ಬಂದ. ಬಿಸಿಲು ನೇರ ಅವಳ ಮುಖದ ಮೇಲೆ ಬಿತ್ತು. ಚಿಕ್ಕಂದಿನಲ್ಲಿ ಆರ್ಗನಿನ ಕೆಳಗೆ ಅಡಗಿ ಕೂತು ಒಟ್ಟಿಗೆ ಪೇರಳೆ ತಿಂದವಳು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ನೋಡಿದ್ದು ಅವಳ ಬೆನ್ನು ಮಾತ್ರ. ಮೂಗು ದೊಡ್ಡಪ್ಪನದೇ. ಕಣ್ಣ ಕೆಳಗೆ ಸುಕ್ಕು ಬಿದ್ದಿದೆ. ಒಂದು ಹಲ್ಲು ಇಲ್ಲ.

"ನನಗೆ ನೀನು ಕಾಣುದೇ ಇಲ್ಲ ಮಾರಾಯ್ತಿ, ಬರೀ ಬಿಸಿಲು" ಎಂದು ಅವಳು ಕಣ್ಣಿಗೆ ಕೈ ಅಡ್ಡ ಹಿಡಿದಳು.

"ನನಗೆ ಕಾಣ್ತದೆ. ಚಂದ ಕಾಣ್ತದೆ."

ಆಮೇಲೆ ಅವಳು ಕೇಳಿದಳು, "ಜೀವಮಾನ ಇಡೀ ಮಕ್ಕಳಿಗೆ ಡ್ರಾಯಿಂಗ್ ಕಲಿಸಿದವರು. ಚಿಕ್ಕಪ್ಪನಿಗೆ ಇದು ಗೊತ್ತಿರ್ಲಿಲ್ಲ ಅಂತ ನಿನಗೆ ಅನ್ನಿಸ್ತದಾ?"

ಬೆನ್ನು ಹಾಕಿಯೇ ಹೇಳಿದ ಎಂದು ಅಪ್ಪ ಎಷ್ಟು ಸಲ ಹೇಳಿದ್ದರು! ನಾನು ಪ್ರತಿ ಸಲವೂ ಬೀಟಿನ ಮಾತನ್ನಷ್ಟೇ ಕೇಳಿಸಿಕೊಂಡಿದ್ದೆ. ಇನ್ನೊಂದು ಸಲ ಹೇಳುವುದಿದ್ದರೆ ದೊಡ್ಡಪ್ಪ ಅಪ್ಪನ ಮುಖ ನೋಡಿಯೇ ಹೇಳಬೇಕು.

"ನಮ್ಮದು ಹೇಗೆ ಮಾಡುದು?" ಎಂದಳು ಸಂಚಿತಾ. ಇವರ ಮೇಲಿನ ಎರಡು ಜಾಗ ನಮ್ಮಿಬ್ಬರದೇ. ಬೇರೆ ಯಾರಿದ್ದಾರೆ? ಚಹಾ ಕುಡಿಯುತ್ತಿದ್ದ ಅಯ್ಯನವರನ್ನು ಅಲ್ಲೇ ಹಿಡಿದು ಹೇಳಿ ಬಂದೆ: ನನ್ನದು ತಲೆ ಪೂರ್ವಕ್ಕೆ, ಅವಳದು ಪಶ್ಚಿಮಕ್ಕೆ, ಯಾರು ಮೊದಲು ಹೋದರೂ. ಕಮಿಟಿಯ ಒಪ್ಪಿಗೆ ಬೇಕು ಟೀಚರ್ ಎಂದರು. ತೆಗೆದುಕೊಳ್ಳಿ ಎಂದೆ. ಮಧ್ಯಾಹ್ನದ ಊಟಕ್ಕೆ ಸಂಚಿತಾ ಬರುತ್ತಾಳೆ. ಆಡಿನ ಮಾಂಸ ತರಿಸಿದ್ದೇನೆ.

ರಿಕ್ಷಾದಲ್ಲಿ ಮಣ್ಣಗುಡ್ಡದ ನಮ್ಮ ಮನೆಗೆ ಬರುವಾಗ ಕಬೀರ್ ಕೇಳಿದ, "ಹಾಗಾದ್ರೆ ಟೀಚರ್, ಎದ್ದು ಬರುದು, ತೀರ್ಪು, ಅದೆಲ್ಲ ಈಗ ನಿಮಗೆ ನಂಬಿಕೆ ಬಂತಾ?"

"ನಂಬಿಕೆ ಎಂತದೂ ಇಲ್ಲ ಮಾರಾಯ," ಎಂದೆ. "ಸೀಟು ಹಿಡಿದಿಟ್ಟಿದ್ದೇನೆ, ಅಷ್ಟೆ."